ಹೋಲಿಕೆಯ ಕೋಳಿ

ಕಲ್ಬಾವಿಕೊಪ್ಪಲಿನ ಚಿಕ್ಕಬೋರಮ್ಮನ ಕೋಳಿಗೆ ಉಸಿರಾಟದ ತೊಂದರೆ ಇತ್ತೆಂಬ ಸಂಗತಿಯನ್ನು ಸರ್ಕಾರ ಯಾವತ್ತೂ ಅಲ್ಲಗಳೆದಿಲ್ಲ. ತೊಂದರೆಯನ್ನು ಪತ್ತೆ ಹಚ್ಚಲಾಯಿತು, ಪರಿಶೀಲಿಸಲಾಯಿತು, ಕೋಳಿ ಸಂಪೂರ್ಣ ಗುಣವಾಯಿತು. ಇಷ್ಟಕ್ಕೂ ರುಜು ಇದೆ, ಮೊಹರು ಇದೆ, ಚಿಕ್ಕಬೋರಮ್ಮನ ಎಡಗೈ ಹೆಬ್ಬೆಟ್ಟಿನ ಗುರುತೂ ಇದೆ. ಇನ್ನು ಕೊಂಕು ತೆಗೆಯುವವರಿಗೆ ಏನು ಹೇಳುವುದು, ಅವರು ಯಾವ ಕಾಲದಲ್ಲೂ ಇರುತ್ತಾರೆ.

ಕಲ್ಬಾವಿಕೊಪ್ಪಲು ಇರುವುದು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ ಕಡೆ. ಆಗ ದೊಡ್ಡ ಯುದ್ಧ ನಡೆಯುತ್ತಿತ್ತು. ಮಂಡ್ಯ ಬೇರೆ ಜಿಲ್ಲೆಯಾಗಿ ಇನ್ನೂ ಬಹಳ ವರ್ಷ ಆಗಿರಲಿಲ್ಲ. ಹೊಸ ಜಿಲ್ಲೆಯಾದ್ದರಿಂದ ಕಚೇರಿಗಳಲ್ಲಿ ಕುರ್ಚಿಗಳೂ ಉತ್ಸಾಹವೂ ಕೆಲಸಕ್ಕಿಂತ ಹೆಚ್ಚಾಗಿದ್ದವು. ಗಾಯಗೊಂಡ ಸಿಪಾಯಿಗಳಿಗೆ ಮೊಟ್ಟೆ ಬೇಕು, ಮೊಟ್ಟೆಗೆ ಕೋಳಿ ಬೇಕು, ಕೋಳಿಗೆ ಉಸಿರು ಬೇಕು ಎಂಬುದನ್ನು ಯಾರೋ ಬುದ್ಧಿವಂತರು ಕಂಡುಹಿಡಿದದ್ದರಿಂದ ಮಳವಳ್ಳಿಯ ಒಂದು ಬಾಡಿಗೆ ಮನೆಯಲ್ಲಿ ಯುದ್ಧಕಾಲದ ಕುಕ್ಕುಟ ಸಂರಕ್ಷಣಾ ಕಚೇರಿ ಎಂಬುದು ಶುರುವಾಯಿತು. ಕಚೇರಿಯವರು ಬಂದು ಕೂತರು. ಬೋರ್ಡು ಬರೆಸಿದರು. ಆಮೇಲೆ ಕೋಳಿಗಳ ಕಾಯಿಲೆ ಬರಲಿ ಎಂದು ಕಾದರು.

ಕಾಯಿಲೆ ತಾನಾಗಿ ಬಾರದಿದ್ದರಿಂದ ಡಂಗುರ ಹೊಡೆಸಬೇಕಾಯಿತು. ಕೊಪ್ಪಲಿನ ತೋಟಿ ಹುಚ್ಚೀರಯ್ಯ ತಮಟೆ ಬಡಿದುಕೊಂಡು ಮೂಲೆಮೂಲೆಗೂ ಹೋಗಿ ಸಾರಿದ:

“ಕೇಳ್ರಪ್ಪೋ ಕೇಳಿ. ಮೊಟ್ಟೆ ಇಕ್ಕೋ ಕೋಳಿ ಯಾವ್ದಾರ ಕೆಮ್ಮುದ್ರೆ, ಬಾಯ್ ಬುಟ್ಟು ಉಸ್ರು ಎಳುದ್ರೆ, ಗೊರಗೊರ ಅಂದ್ರೆ, ಅಂಗಿಂದಂಗೆ ಪಟೇಲ್ರಿಗೆ ತಿಳ್ಸಬೇಕು. ತಿಳ್ಸದೆ ಬಚ್ಚಿಟ್ಟೋರು ಯುದ್ಧಕ್ಕೆ ಅಡ್ಡ ಬಂದಂಗೆ. ಔಸ್ದಿ ಪುಕ್ಕಟೆ.”

ಕೊನೆಯ ಮಾತನ್ನು ಅವನು ಎರಡು ಸಲ ಹೇಳಿದ. ಚಿಕ್ಕಬೋರಮ್ಮನ ಕಿವಿಗೆ ಬಿದ್ದದ್ದು ಅದೊಂದೇ.

ಅವಳ ಕಷ್ಟ ಇಷ್ಟು. ಮಗಳು ಮಲ್ಲಿಗಮ್ಮ ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಳು. ಕೊಟ್ಟ ಮನೆ ಮದ್ದೂರು ತಾಲ್ಲೂಕಿನ ಸೋಮನಹಳ್ಳಿ. ಅಲ್ಲಿ ಬೀಗತಿ ದೇವಿರಮ್ಮ ಎಂಬುವಳಿದ್ದಳು. ಆ ಯಮ್ಮ ಬಾಯಿ ತೆಗೆದರೆ ಆ ಕಡೆ ಊರೆಲ್ಲ ಕೇಳಿಸಿಕೊಳ್ಳಬೇಕು. ದೊಡ್ಡ ಸೊಸೆಯ ತವರಲ್ಲಿ ಬಾಣಂತಿಗೆ ಕೋಳಿ ಸಾರು ಕಾಣಿಸಲಿಲ್ಲ ಎಂದು ಮದುವೆಮನೆ, ತಿಥಿಮನೆ, ಸಂತೆ ಎಲ್ಲಿ ಕಂಡರೂ ಹೇಳಿಕೊಂಡು ಬರುತ್ತಿದ್ದಳು. ಮಲ್ಲಿಗಮ್ಮನನ್ನು ಗಾಡಿ ಹತ್ತಿಸುವಾಗಲೂ ಬೀಗತಿ ನಗುನಗುತ್ತಲೇ, “ನೋಡಾನ, ನಿಮ್ಮವ್ವ ಏನೇನ್ ಮಾಡಾಳು ಅಂತ” ಎಂದು ಹೇಳಿ ಕಳಿಸಿದ್ದಳು. ಆ ಮಾತು ಚಿಕ್ಕಬೋರಮ್ಮನ ಎದೆಯಲ್ಲಿ ಮುಳ್ಳು ಮುರಿದಂತೆ ಕೂತಿತ್ತು.

ಹೋದ ವರ್ಷ ಕೊಕ್ಕರೆ ರೋಗ ಬಂದು ಅವಳ ಕೋಳಿಗಳೆಲ್ಲ ಹೋಗಿ, ಉಳಿದದ್ದು ಒಂದು ಕೆಂಪು ಯಾಟೆ, ಅಂದರೆ ಹೆಣ್ಣುಕೋಳಿ. ಅದನ್ನೇ ಬಾಣಂತನಕ್ಕೆಂದು ಕಾಪಾಡಿಕೊಂಡು ಬಂದಿದ್ದಳು. ತಾನು ಮುದ್ದೆ ಮುರಿಯುವ ಮುಂಚೆ ಅದಕ್ಕೊಂದು ತುತ್ತು ಹಾಕುತ್ತಿದ್ದಳು. ಈಗ ನೋಡಿದರೆ ಅದು ಕತ್ತು ಮೇಲೆತ್ತಿ, ಕೊಕ್ಕು ಅಗಲಿಸಿ, ಗೊರಗೊರ ಎಂದು ಉಸಿರೆಳೆಯತೊಡಗಿತ್ತು. ಸೀಕಿನ ಕೋಳಿ ಸಾರು ಕುಡಿದರೆ ಹಾಲಿನ ಮೂಲಕ ಮಗುವಿಗೂ ಗೊರಗೊರ ಹಿಡಿಯುತ್ತದೆಂದು ಆ ಕಡೆ ನಂಬಿಕೆ. ಆದ್ದರಿಂದ ಅದನ್ನು ಕುಯ್ಯಬೇಕಾದರೆ ಮೊದಲು ಬದುಕಿಸಬೇಕಾಗಿತ್ತು. ಇದರಲ್ಲಿ ವಿಚಿತ್ರವೇನೂ ಇಲ್ಲ.

ಪಕ್ಕದ ಮನೆಯ ಬೆಟ್ಟಮ್ಮ ಹಿತ್ತಲ ಬೇಲಿಯ ಮೇಲಿಂದಲೇ ವೈದ್ಯ ಹೇಳಿದಳು. “ಬೆಳ್ಳುಳ್ಳಿ ಎಸ್ಳು ನುಂಗ್ಸಕ್ಕ. ಮೂಗ್ನಾಗೆ ಪುಕ್ಕ ಪೋಣ್ಸು.”

“ಎಲ್ಲಾ ಆಯ್ತು ಕಣ್ ಬೆಟ್ಟವ್ವ. ಮೂಗ್ನಾಗೆ ಪುಕ್ಕ ಸಿಗಾಕಂಡು ಓಡಾಡ್ತಾ ಅದೆ, ಉಸ್ರು ಮಾತ್ರ ಅಂಗೇ ಅದೆ. ಪಟೇಲ್ರಿಗೆ ಏಳ್ತೀನಿ. ಔಸ್ದಿ ಪುಕ್ಕಟೆಯಂತೆ.”

“ಬ್ಯಾಡ ಕಣಕ್ಕ. ಸರ್ಕಾರದೋರ್ನ ನಾವಾಗೇ ಮನೆ ಬಾಗ್ಲಿಗೆ ಕರ್ಕೋಬಾರ್ದು.”

ಚಿಕ್ಕಬೋರಮ್ಮ ಕೇಳಲಿಲ್ಲ. ಪಟೇಲ್ ಕೆಂಪಸಿದ್ದಯ್ಯನ ಮನೆ ಜಗಲಿಯ ಕೆಳಗೆ ನಿಂತು, ಕಂಕುಳಲ್ಲಿ ಕೋಳಿ ಇಟ್ಟುಕೊಂಡು, ಇದ್ದದ್ದು ಇದ್ದಂತೆ ಹೇಳಿದಳು. ಪಟೇಲ ಕೋಳಿಯನ್ನೂ ಅವಳನ್ನೂ ನೋಡಿ, ತನ್ನ ಹಳ್ಳಿಗೂ ಒಂದು ಸರ್ಕಾರಿ ಕಾಯಿಲೆ ಬಂತಲ್ಲ ಎಂಬ ಸಮಾಧಾನದಿಂದ ಮಳವಳ್ಳಿಗೆ ಆಳು ಅಟ್ಟಿದ.

ಕುಕ್ಕುಟ ಇನ್ಸ್‌ಪೆಕ್ಟರ್ ಚೌಡಯ್ಯನವರು ಕಮಾನು ಗಾಡಿಯಲ್ಲಿ ಬಂದಿಳಿದರು. ಅವರ ಹಿಂದೆ ಜವಾನ ಪುಟ್ಟರಾಜು ಒಂದು ಕಬ್ಬಿಣದ ಪೆಟ್ಟಿಗೆ ಹೊತ್ತು ನಿಂತ. ಚೌಡಯ್ಯನವರು ಮೊದಲು ಯಾವುದೋ ಕುದುರೆ ಲಾಯದಲ್ಲಿ ಕೆಲಸ ಮಾಡಿದ್ದವರು. ಪೆಟ್ಟಿಗೆಯಲ್ಲಿದ್ದ ಸಾಮಾನೂ ಕುದುರೆಗೆ ಆಗುವಂಥದೇ. ಔಷಧಿ ಕುಡಿಸುವ ಕೊಳವೆಯನ್ನು ಹೊರಗೆ ತೆಗೆದಾಗ ಕೋಳಿ ಪೂರ್ತಿಯಾಗಿ ಅದರೊಳಗೆ ಹೋಗುವಂತಿತ್ತು. ಅದನ್ನು ವಾಪಸು ಇಟ್ಟು, ಎದೆ ಬಡಿತ ಕೇಳುವ ಕೊಳವೆಯನ್ನು ಕಿವಿಗೆ ಸಿಕ್ಕಿಸಿಕೊಂಡು, ಇನ್ನೊಂದು ತುದಿಯನ್ನು ಕೋಳಿಯ ಪಕ್ಕೆಗೆ ಒತ್ತಿ ಕಣ್ಣು ಮುಚ್ಚಿದರು. ನೆರೆದಿದ್ದ ಜನವೂ ಉಸಿರು ಬಿಗಿಹಿಡಿದರು.

“ಗೊರಗೊರ ಎನ್ನುತ್ತಿದೆ” ಎಂದರು ಚೌಡಯ್ಯನವರು.

“ಅದ್ನೇ ಬುದ್ಧಿ ನಾನೂ ಏಳಿದ್ದು.”

“ನೀನು ಹೇಳಿದ್ದು ಬಾಯಿಮಾತು. ಈಗ ಸರ್ಕಾರ ಕೇಳಿದೆ.”

ಚಿಕ್ಕಬೋರಮ್ಮನಿಗೆ ಈ ವ್ಯತ್ಯಾಸ ಅರ್ಥವಾಗಲಿಲ್ಲ, ಆದರೂ ತಲೆ ಆಡಿಸಿದಳು. ಆಮೇಲೆ ಇನ್ಸ್‌ಪೆಕ್ಟರು ನಿಬಂಧನೆಗಳ ಪುಸ್ತಕ ತೆಗೆದು ಗಟ್ಟಿಯಾಗಿ ಓದಿದರು: “ರೋಗಪೀಡಿತ ಹಕ್ಕಿಯ ಉಸಿರನ್ನು, ಅದೇ ಗ್ರಾಮದಲ್ಲಿ ಹುಟ್ಟಿ ಅದೇ ನೀರು ಕುಡಿದ ಆರೋಗ್ಯವಂತ ಹಕ್ಕಿಯ ಉಸಿರಿನೊಂದಿಗೆ ಹೋಲಿಸಿ ನೋಡದ ಹೊರತು, ಯಾವ ಅಧಿಕಾರಿಯೂ ಯಾವ ಅಭಿಪ್ರಾಯವನ್ನೂ ನಮೂದಿಸತಕ್ಕದ್ದಲ್ಲ.”

ಪಟೇಲ ಸುತ್ತ ಕಣ್ಣಾಡಿಸಿದ. ತಿಪ್ಪೆಯ ಮೇಲೆ ಬೆಟ್ಟಮ್ಮನ ಕೋಳಿಯೊಂದು ಕೆದಕುತ್ತಿತ್ತು. ಊರಿಗೆಲ್ಲ ಅದೇ ದಪ್ಪ. ಆರೋಗ್ಯದ ವಿಚಾರದಲ್ಲಿ ಅನುಮಾನಕ್ಕೆ ಎಡೆ ಇರಬಾರದೆಂದು ಅದನ್ನೇ ಹಿಡಿಸಲಾಯಿತು. ಚೌಡಯ್ಯನವರು ಅದರ ಪಕ್ಕೆಗೂ ಕೊಳವೆ ಒತ್ತಿ, “ಇದು ಗೊರಗೊರ ಎನ್ನುತ್ತಿಲ್ಲ” ಎಂದು ಹೇಳಿದರು. ಹೀಗೆ ಹೋಲಿಕೆ ಮುಗಿಯಿತು.

ಬೆಟ್ಟಮ್ಮ ಕೋಳಿಗೆ ಕೈ ಚಾಚಿದಳು. ಚೌಡಯ್ಯನವರು ಬಹಳ ತಾಳ್ಮೆಯಿಂದ ವಿವರಿಸಿದರು. ರೋಗದ ಕೋಳಿಗೆ ಮುಟ್ಟಿಸಿದ ಕೊಳವೆಯನ್ನೇ ಈ ಕೋಳಿಗೂ ಮುಟ್ಟಿಸಿದ್ದರಿಂದ ಇದು ಈಗ ಸೋಂಕಿನ ಶಂಕೆಗೆ ಒಳಪಟ್ಟಿದೆ. ಇದನ್ನು ಮತ್ತೆ ಮಂದೆಗೆ ಬಿಟ್ಟರೆ ಮಿಕ್ಕ ಕೋಳಿಗಳ ಗತಿ ಏನು? ಹೂಳೋಣವೆಂದರೆ ಯುದ್ಧಕಾಲದಲ್ಲಿ ಆಹಾರ ಪೋಲು ಮಾಡುವುದು ಅಪರಾಧ. ಬೇಯಿಸಿದರೆ ಸೋಂಕು ಸಾಯುತ್ತದೆಂದು ಶಾಸ್ತ್ರ ಹೇಳುತ್ತದೆ. ಬೇಯಿಸಿದ್ದನ್ನು ಊರಿನವರಿಗೆ ಕೊಟ್ಟು ಅವರ ಜೀವಕ್ಕೆ ಅಪಾಯ ತರುವುದು ಸರ್ಕಾರದ ಧರ್ಮವಲ್ಲ. ಆದಕಾರಣ ಆ ಅಪಾಯವನ್ನು ಅಧಿಕಾರಿಗಳೇ ಮೈಮೇಲೆ ಎಳೆದುಕೊಳ್ಳಬೇಕಾಗುತ್ತದೆ.

“ಮಸಾಲೆ ಸ್ವಲ್ಪ ಮುಂದಾಗಿ ಇರಲಿ” ಎಂದು ಪಟೇಲನ ಮನೆಯವರಿಗೆ ಹೇಳಿ ಕಳಿಸಿದರು. ಅದೂ ಸೋಂಕಿನ ದೃಷ್ಟಿಯಿಂದಲೇ.

ಊಟವಾದ ಮೇಲೆ ಅಭಿಪ್ರಾಯ ಬರೆದರು: ಹೆಚ್ಚಿನ ಪರಿಶೀಲನೆ ಅಗತ್ಯ. ಔಷಧಿ ಮಂಡ್ಯದಿಂದ ಬರಬೇಕು ಎಂದರು. ಅಲ್ಲಿಯವರೆಗೆ ಕೋಳಿ ಚಿಕಿತ್ಸಾಧೀನ ಎಂದು ಅದರ ಕಾಲಿಗೆ ತಗಡಿನ ಬಿಲ್ಲೆ ಕಟ್ಟಿಸಿದರು. ಚಿಕಿತ್ಸಾಧೀನ ಕೋಳಿಯನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ಕುಯ್ಯುವಂತಿಲ್ಲ, ಹರಕೆಗೆ ಒಪ್ಪಿಸುವಂತಿಲ್ಲ. ಮುಂಚಿತವಾಗಿ ಕಚೇರಿಗೆ ತಿಳಿಸದೆ ಅದು ಸಾಯುವಂತೆಯೂ ಇಲ್ಲ. ಇದನ್ನೆಲ್ಲ ಕೇಳಿದ ಚಿಕ್ಕಬೋರಮ್ಮನಿಗೆ ತನ್ನ ಕೋಳಿಗೆ ಇಷ್ಟೊಂದು ಬೆಲೆ ಬಂತಲ್ಲ ಎಂದು ಒಳಗೊಳಗೇ ಹೆಮ್ಮೆಯಾಯಿತು. ಬೆಟ್ಟಮ್ಮನ ಮುಖ ನೋಡಿದ ಮೇಲೆ ಹೆಮ್ಮೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದಳು.

ಹೆಚ್ಚಿನ ಪರಿಶೀಲನೆ ಎಂದರೆ ಹೆಚ್ಚಿನ ಪರಿಶೀಲನೆಯೇ. ಚೌಡಯ್ಯನವರು ಮತ್ತೆ ಬಂದರು. ಸಲ ಸಲಕ್ಕೂ ಹೊಸ ಕೋಳಿ ಬೇಕಾಯಿತು, ಏಕೆಂದರೆ ಹಿಂದಿನ ಹೋಲಿಕೆಯ ಕೋಳಿ ಹೋಲಿಕೆಗೆ ಸಿಗುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಮಂಡ್ಯದಿಂದ ಅಸಿಸ್ಟೆಂಟು ಬಂದರು; ಅವರು ಗಂಟಲಲ್ಲಿ ಹುಳು ಇದೆ ಎಂದರು. ಅವರ ಮೇಲಿನವರು ಬಂದು ಹುಳು ಅಲ್ಲ, ಶೀತ ಎಂದರು. ಇನ್ನೊಬ್ಬರು, ಮಳವಳ್ಳಿಗೆ ಬೇರೆ ಕೆಲಸದ ಮೇಲೆ ಬಂದಿದ್ದವರು, ಇಲ್ಲಿಯ ಪರಿಶೀಲನೆ ಬಹಳ ರುಚಿಕಟ್ಟಾಗಿರುತ್ತದೆಂದು ಕೇಳಿ ದಾರಿ ತಪ್ಪಿಸಿಕೊಂಡು ಬಂದರು. ಅವರು ಕೋಳಿಗಳ ಸ್ವಭಾವವೇ ಹೀಗೆ ಎಂದು ಬರೆದು ಹೋದರು. ಅಭಿಪ್ರಾಯಗಳು ಬೇರೆಬೇರೆಯಾದ್ದರಿಂದ ಅವುಗಳನ್ನು ಒಂದರೊಡನೊಂದು ಹೋಲಿಸಲು ಮತ್ತೊಂದು ಸಲ ಎಲ್ಲರೂ ಒಟ್ಟಿಗೆ ಬರಬೇಕಾಯಿತು. ಅವತ್ತು ಮಾತ್ರ ಒಂದು ಕೋಳಿಯಲ್ಲಿ ಹೋಲಿಕೆ ಸಾಲಲಿಲ್ಲ.

ಜನ ಕೋಳಿಗಳನ್ನು ಬಚ್ಚಿಡತೊಡಗಿದರು. ಒಬ್ಬರು ರಾಗಿ ವಾಡೆಯೊಳಗೆ ಇಳಿಬಿಟ್ಟರು, ಒಬ್ಬರು ಕಂಬಳಿ ಹೊದಿಸಿ ಕೂರಿಸಿದರು. ಆದರೆ ಪುಟ್ಟರಾಜುವಿಗೆ ಒಂದು ವಿದ್ಯೆ ಇತ್ತು. ಬೀದಿಯ ನಡುವೆ ನಿಂತು ಹುಂಜದ ಹಾಗೆ ಕೂಗುತ್ತಿದ್ದ. ಕಂಬಳಿಯೊಳಗಿನ ಯಾಟೆ ಓಗೊಡುತ್ತಿತ್ತು. ಅವನಿಗೆ ಆ ಕೆಲಸ ಸಿಕ್ಕಿದ್ದೇ ಈ ಅರ್ಹತೆಯ ಮೇಲೆ ಎಂದು ಹೇಳುತ್ತಾರೆ.

ಇದೇ ಪುಟ್ಟರಾಜುವಿಂದ ಚಿಕ್ಕಬೋರಮ್ಮನ ಕೋಳಿಗೆ ಗುಣವಾಯಿತು. ಮಾಗಿಯ ಚಳಿ. ಪರಿಶೀಲನೆಯ ಕೋಳಿಯನ್ನು ಕಾಯಲೆಂದು ಕೊಪ್ಪಲಿನಲ್ಲೇ ಉಳಿದು ಚಾವಡಿಯಲ್ಲಿ ಮಲಗುವ ಅವನಿಗೆ ಚಾಪೆಯ ಕೆಳಗೆ ಹಾಸಲು ಹುಲ್ಲು ಬೇಕಾಯಿತು. ಚಿಕ್ಕಬೋರಮ್ಮನ ಮನೆ ಮೂಲೆಯಲ್ಲಿ ಕೋಳಿ ಕೂರುವ ಮಕ್ಕರಿಯ ಅಡಿ ಒಂದು ಹೊರೆ ಹುಲ್ಲು ಇತ್ತು. ಹೇಳದೆ ಕೇಳದೆ ಎಲ್ಲವನ್ನೂ ಬಾಚಿಕೊಂಡು ಹೋದ. ಸರ್ಕಾರಿ ಕೆಲಸದಲ್ಲಿರುವವರು ಕೇಳುತ್ತಾ ಕೂತರೆ ಕೆಲಸ ಸಾಗುತ್ತದೆಯೇ? ಚಿಕ್ಕಬೋರಮ್ಮ ಬೈದುಕೊಂಡು ಮಕ್ಕರಿಯ ಅಡಿ ಒಲೆಬೂದಿ ಹರಡಿದಳು.

ಆ ವಾರ ಕಳೆಯುವುದರೊಳಗೆ ಗೊರಗೊರ ಕಡಿಮೆಯಾಯಿತು. ಆಮೇಲೆ ನಿಂತೇ ಹೋಯಿತು. ಕೋಳಿ ಹಿತ್ತಲಲ್ಲಿ ಕೆದಕಿತು, ರೆಕ್ಕೆ ಬಡಿಯಿತು, ಮೊಟ್ಟೆ ಇಟ್ಟು ಊರು ಕೇಳುವ ಹಾಗೆ ಕೂಗಿತು. ಅತ್ತ ಚಾವಡಿಯಲ್ಲಿ ಪುಟ್ಟರಾಜು ಕೆಮ್ಮತೊಡಗಿದ. ಚಿಕ್ಕಬೋರಮ್ಮ ಹೋಗಿ ಚಾಪೆ ಎತ್ತಿ ಹುಲ್ಲು ಹಿರಿದು ನೋಡಿದಳು. ಸೋರುವ ಮೂಲೆಯಲ್ಲಿ ನೆನೆದು ನೆನೆದು ಒಳಗೆಲ್ಲ ಬೂಷ್ಟು ಹಿಡಿದಿತ್ತು; ಅಲ್ಲಾಡಿಸಿದರೆ ಹೊಗೆಯ ಹಾಗೆ ಪುಡಿ ಏಳುತ್ತಿತ್ತು. ಕೋಳಿಯ ಮೂಗಿಗೆ ನೇರವಾಗಿ ತಾನೇ ಇಟ್ಟಿದ್ದ ಹುಲ್ಲು. ತನ್ನ ಬುದ್ಧಿಗೆ ಮಣ್ಣು ಹಾಕ ಎಂದು ಹಣೆ ಚಚ್ಚಿಕೊಂಡಳು. ಆಮೇಲೆ ಸಂತೋಷ ತಡೆಯಲಾರದೆ ಪಟೇಲನ ಮನೆಗೆ ಓಡಿದಳು.

“ಗುಣ ಆಯ್ತು ಪಟೇಲ್ರೆ. ಬೂಷ್ಟು ಹುಲ್ಲು ಕಣ್ರಪ್ಪ, ಇನ್ನೇನೂ ಅಲ್ಲ. ಬಿಲ್ಲೆ ಬಿಚ್ಚಾಕ್ಬುಡಿ.”

ಕೆಂಪಸಿದ್ದಯ್ಯ ಬೆಚ್ಚಿ ಅತ್ತಿತ್ತ ನೋಡಿದ. “ಬಾಯ್ ಮುಚ್ಕಮ್ಮಿ. ಔಸ್ದಿ ಇನ್ನೂ ಮಂಡ್ಯ ಬುಟ್ಟೇ ಇಲ್ಲ. ಔಸ್ದಿ ಬರಾಕ್ ಮುಂಚೆ ಗುಣ ಆಯ್ತು ಅಂದ್ರೆ ಅವ್ರ ಮರ್ವಾದೆ ಏನಾಗ್ಬೇಕು?”

“ಉಸಿರಾಡ್ತಾ ಅದಲ್ಲ ಪಟೇಲ್ರೆ, ಸಲೀಸಾಗಿ.”

“ಅದ್ರ ಪಾಡಿಗೆ ಅದು ಉಸಿರಾಡ್ಲಿ. ನೀನು ಯಾರಿಗೂ ಏಳ್ಬ್ಯಾಡ.”

ಅಷ್ಟರಲ್ಲಿ ಮಲ್ಲಿಗಮ್ಮ ಹೆತ್ತಳು. ಹೆಣ್ಣುಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಪುರುಡು ಕಳೆದ ಮೇಲೆ ಬಾಣಂತಿಗೆ ಕೋಳಿ ಸಾರು ಕೊಡುವುದು ಆ ಕಡೆ ವಾಡಿಕೆ. ಸೂಲಗಿತ್ತಿಯೂ, “ಉಡ್ಗಿ ಬಿಳ್ಚಿಕೊಂಡವ್ಳೆ, ಬರೀ ಮೆಣಸ್ನ ಸಾರಲ್ಲಿ ಎಷ್ಟ್ ದಿನ ನೂಕ್ತೀಯೆ” ಎಂದು ಕೇಳಿ ಹೋದಳು. ಚಿಕ್ಕಬೋರಮ್ಮ ಬಿಲ್ಲೆಯ ಕೋಳಿಯನ್ನು ಮುಟ್ಟುವಂತಿಲ್ಲ. ಬೇರೆ ಕೋಳಿ ಕೊಳ್ಳೋಣವೆಂದು ಊರು ಸುತ್ತಿದಳು. ಕೊಪ್ಪಲಿನಲ್ಲಿ ಒಂದು ಮರಿಯೂ ಉಳಿದಿರಲಿಲ್ಲ.

ಬೆಟ್ಟಮ್ಮ ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದಳು. “ನಿನ್ ಕೋಳಿ ಉಸ್ರಿಗೋಸ್ಕರ ನಮ್ ಕೋಳಿಗೋಳ್ ಉಸ್ರೆಲ್ಲ ಓಯ್ತಲ್ಲಕ್ಕ. ಈಗ ನಮ್ಮತ್ರ ಏನ್ ಕೇಳಕ್ ಬಂದೆ?”

ಚಿಕ್ಕಬೋರಮ್ಮನಿಗೆ ನಾಚಿಕೆಯಾಯಿತು. ಬಂದ ದಾರಿಯಲ್ಲೇ ಹಿಂದಿರುಗಿದಳು. ಪೂರಿಗಾಲಿಯಲ್ಲಿ ಕೇಳಿದಳು, ಅದರಾಚೆಯ ಊರುಗಳಲ್ಲೂ ಕೇಳಿದಳು. ಕಲ್ಬಾವಿಕೊಪ್ಪಲಿನವಳೆಂದು ಗೊತ್ತಾದ ಕೂಡಲೇ ಜನ ತಮ್ಮ ಕೋಳಿಗಳ ಮೇಲೆ ಕುಕ್ಕೆ ಕವುಚಿ, ನಮ್ಮಲ್ಲಿ ಕೋಳಿ ಸಾಕುವ ಪದ್ಧತಿಯೇ ಇಲ್ಲ ಎಂದರು. ಕುಕ್ಕೆಯೊಳಗಿಂದ ಕೊಕ್ಕೊಕ್ಕೋ ಎಂಬುದು ಕೇಳುತ್ತಿದ್ದರೂ ಹಾಗೆಯೇ ಅಂದರು.

ಕೊನೆಗೆ ಕೋಳಿಯನ್ನು ಬುಟ್ಟಿಯಲ್ಲಿ ಹೊತ್ತು ಮಳವಳ್ಳಿಗೇ ನಡೆದಳು. ಬಾಡಿಗೆ ಮನೆಯ ಕಚೇರಿಯಲ್ಲಿ ಚೌಡಯ್ಯನವರು ಹಲ್ಲಿಗೆ ಕಡ್ಡಿ ಹಾಕಿಕೊಂಡು ಕೂತಿದ್ದರು.

“ಬುದ್ಧಿ, ಬಾಣಂತಿ ಮನೇಲವ್ಳೆ. ಕೋಳಿ ನೆಟ್ಟಗಾಯ್ತು. ಬಿಲ್ಲೆ ಬಿಚ್ಚಿಸ್ಕೊಟ್ರೆ ಒಂದೊತ್ತು ಸಾರ್ ಮಾಡ್ಕೋತೀನಿ.”

ಚೌಡಯ್ಯನವರು ಕೋಳಿಯನ್ನು ನೋಡಿದರು. ಅದು ಸೊಂಪಾಗಿತ್ತು. ಅವರಿಗೂ ಸಂತೋಷವಾಯಿತು. “ಗುಣವಾದ ಹಾಗೆ ಕಾಣುತ್ತದೆ. ಹೋಲಿಕೆಯ ಕೋಳಿ ತಂದಿದ್ದೀಯಾ?”

“ಊರಲ್ಲಿ ಒಂದೂ ಇಲ್ವಲ್ಲ ಬುದ್ಧಿ. ಎಲ್ಲಾ ತಾವೇ...” ಎಂದವಳು ಅಲ್ಲಿಗೇ ನಿಲ್ಲಿಸಿ, “ಎಲ್ಲಾ ಓಲಿಕೆ ಆಗೋದ್ವು” ಎಂದಳು.

“ಹಾಗಾದರೆ ಕಷ್ಟ. ನಿಬಂಧನೆ ಪ್ರಕಾರ ಅದೇ ಊರಿನ, ಅದೇ ನೀರಿನ ಕೋಳಿಯೇ ಆಗಬೇಕು.”

“ಇಲ್ಲೇ ಸಂತೇಲಿ ಬೇಕಾದಷ್ಟವೆ, ಒಂದ್ ಇಡ್ಕಂಡು ನೋಡ್ಬುಡಿ.”

“ಸಂತೆಯ ಕೋಳಿಯ ಉಸಿರನ್ನು ಕೊಪ್ಪಲಿನ ಕೋಳಿಯ ಉಸಿರಿಗೆ ಹೋಲಿಸಿದರೆ ಮೇಲಿನವರು ನಗುತ್ತಾರೆ, ಚಿಕ್ಕಬೋರಮ್ಮ.”

“ಅಂಗಾರೆ ಇದು ಯಾವತ್ತೂ ಗುಣ ಆಗಕಿಲ್ವಾ ಬುದ್ಧಿ?”

“ಗುಣ ಆಗುವುದಕ್ಕೆ ಅಭ್ಯಂತರವಿಲ್ಲ. ಗುಣವಾಗಿದೆ ಎಂದು ಹೇಳುವುದಕ್ಕೆ ಬರುವುದಿಲ್ಲ.”

ಚಿಕ್ಕಬೋರಮ್ಮ ಬುಟ್ಟಿ ಹೊತ್ತು ವಾಪಸು ಬಂದಳು. ದಾರಿಯುದ್ದಕ್ಕೂ ಅವಳಿಗೆ ಸಿಟ್ಟು ಬಂತು, ಅಳು ಬಂತು. ಮನೆಗೆ ಬಂದು ಮಚ್ಚು ಕೈಗೆ ತೆಗೆದುಕೊಂಡಳು. ಆದದ್ದಾಗಲಿ, ಕುಯ್ದೇ ಬಿಡುವುದು, ಜೈಲಿಗೆ ಹಾಕಿದರೆ ಹಾಕಲಿ ಎಂದುಕೊಂಡಳು. ಮಲ್ಲಿಗಮ್ಮ ಕೋಣೆಯಿಂದಲೇ ಕಂಡು, “ಬ್ಯಾಡ ಕಣವ್ವ. ಮಸಾಲೆ ಅರುದ್ರೆ ಊರಿಗೆಲ್ಲ ವಾಸ್ನೆ ಓಯ್ತದೆ. ನಿನ್ನ ಎಳ್ಕೊಂಡೋದ್ರೆ ನಂಗೆ ನೀರು ಕಾಯ್ಸಿ ಉಯ್ಯೋರ್ಯಾರು?” ಎಂದಳು. ಅದೂ ಹೌದು. ಕೋಳಿ ಇಲ್ಲದ ಊರಿನಲ್ಲಿ ಕೋಳಿ ಸಾರಿನ ವಾಸನೆಗೆ ಸಾಕ್ಷಿ ಹುಡುಕಬೇಕಾಗಿರಲಿಲ್ಲ. ಚಿಕ್ಕಬೋರಮ್ಮ ಮಚ್ಚು ಕೆಳಗಿಟ್ಟಳು.

ಇತ್ತ ಕಚೇರಿಗೂ ಇಕ್ಕಟ್ಟಾಗಿತ್ತು. ಕಚೇರಿ ಶುರುವಾದಾಗಿನಿಂದ ಒಂದೇ ಒಂದು ಕೋಳಿಯೂ ಗುಣವಾದದ್ದು ಕಾಗದದ ಮೇಲೆ ಬಂದಿರಲಿಲ್ಲ. ಮುಂದಿನ ವರ್ಷವೂ ಕಚೇರಿ ಇರಬೇಕಾದರೆ ಗುಣವಾದ ಒಂದು ಕೋಳಿಯಾದರೂ ಬೇಕು. ಆದ್ದರಿಂದ ಸೂಪರಿಂಟೆಂಡೆಂಟ್ ಸಾಹೇಬರೇ ಕೊಪ್ಪಲಿಗೆ ದಯಮಾಡಿಸುವುದೆಂದು ತೀರ್ಮಾನವಾಯಿತು. ಚಾವಡಿಯ ಮುಂದೆ ತೆಂಗಿನ ಗರಿಯ ಚಪ್ಪರ ಎದ್ದಿತು. ಮಂಡ್ಯದ ಔಷಧಿಯೂ ಸಾಹೇಬರ ಕಾರಿನಲ್ಲೇ ಬಂತು. ಕೋಳಿಗೆ ಇನ್ನು ಅದರ ಅಗತ್ಯವಿರಲಿಲ್ಲ. ಬಂದ ಔಷಧಿ ವ್ಯರ್ಥವಾಗಬಾರದೆಂದು ಕೆಮ್ಮುತ್ತಿದ್ದ ಪುಟ್ಟರಾಜುವಿಗೆ ಕುಡಿಸಿದರು. ಅವನು ಚಪ್ಪರದ ಹಿಂದೆ ಹೋಗಿ ಬಹಳ ಹೊತ್ತು ಕಾಣಿಸಲಿಲ್ಲ.

ಸಾಹೇಬರು ಒಳ್ಳೆಯವರು. ನಿಬಂಧನೆಯನ್ನು ಎರಡು ಸಲ ಓದಿಸಿ ಕೇಳಿ, ಗಲ್ಲ ಕೆರೆದುಕೊಂಡು, “ಈ ಗ್ರಾಮದಲ್ಲಿ ಈಗ ಇರುವ ಆರೋಗ್ಯವಂತ ಕೋಳಿ ಯಾವುದು?” ಎಂದು ಕೇಳಿದರು.

“ಇದೊಂದೇ ಮಹಾಸ್ವಾಮಿ” ಎಂದ ಪಟೇಲ.

“ಇದೇ ಊರಿನ ನೀರು ಕುಡಿದದ್ದು ತಾನೆ?”

“ಊಂ ಮಹಾಸ್ವಾಮಿ.”

“ಹಾಗಿದ್ದ ಮೇಲೆ ಹೋಲಿಕೆಗೆ ಇದೇ ಇದೆಯಲ್ಲ. ಬೇರೆ ಏಕೆ ಹುಡುಕುತ್ತೀರಿ?”

ಚಪ್ಪರದಡಿ ಇದ್ದ ಅಧಿಕಾರಿಗಳೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಸುಲಭದ ಉಪಾಯ ತಮಗೆ ಹೊಳೆಯಲಿಲ್ಲವಲ್ಲ ಎಂದು ಚೌಡಯ್ಯನವರು ನಾಚಿದರು. ಸಾಹೇಬರು ಕೊಳವೆಯನ್ನು ಕೋಳಿಯ ಎಡಪಕ್ಕೆಗೆ ಒತ್ತಿ ರೋಗಿಯ ಉಸಿರನ್ನು ಕೇಳಿದರು. ಬಲಪಕ್ಕೆಗೆ ಒತ್ತಿ ಹೋಲಿಕೆಯ ಕೋಳಿಯ ಉಸಿರನ್ನು ಕೇಳಿದರು. “ಎರಡಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲ” ಎಂದರು. ಚಪ್ಪಾಳೆ ಬಿತ್ತು. ಪಟೇಲ ಹಾರ ಹಾಕಿದ. ಬಿಲ್ಲೆ ಬಿಚ್ಚಲಾಯಿತು, ಕೋಳಿ ಗುಣವಾದ ಬಗ್ಗೆ ಚಿಕ್ಕಬೋರಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ಒಂದು ಕಾಗದ ಕೊಟ್ಟರು.

ಅವಳು ಎರಡು ಕೈಯಲ್ಲೂ ಕೋಳಿಯನ್ನು ಎದೆಗೆ ಅವುಚಿಕೊಂಡಳು. ಇನ್ನು ಸಾಯಂಕಾಲಕ್ಕೆ ಮಸಾಲೆ ಅರೆಯುವುದೊಂದೇ ಬಾಕಿ. ಧನಿಯ ಇದೆ, ಕಾಯಿ ಅರ್ಧ ಹೋಳು ಇದೆ, ಮೆಣಸು ಬೇಕಾದಷ್ಟಿದೆ ಎಂದು ಮನಸ್ಸಿನಲ್ಲೇ ಅಡುಗೆಮನೆಯನ್ನು ಒಂದು ಸುತ್ತು ಬಂದಳು. ಅಷ್ಟರಲ್ಲಿ ಚೌಡಯ್ಯನವರು ಕೆಮ್ಮಿ ಕೈ ಚಾಚಿದರು.

“ಕೋಳಿ ಕೊಡಮ್ಮ.”

“ಗುಣ ಆಯ್ತಲ್ಲ ಬುದ್ಧಿ. ನಂದೇ ಕೋಳಿ, ಕಾಗ್ದನೂ ಕೊಟ್ರಲ್ಲ.”

“ಗುಣವಾದ ಕೋಳಿ ನಿನ್ನದೇ. ಅದರಲ್ಲಿ ಯಾರಿಗೂ ತಕರಾರಿಲ್ಲ. ನಾವು ತೆಗೆದುಕೊಂಡು ಹೋಗುವುದು ಹೋಲಿಕೆಯ ಕೋಳಿಯನ್ನು.”

ಚಿಕ್ಕಬೋರಮ್ಮ ತನ್ನ ಕೈಯಲ್ಲಿದ್ದ ಕೋಳಿಯನ್ನೊಮ್ಮೆ ನೋಡಿದಳು, ಕಾಗದವನ್ನೊಮ್ಮೆ ನೋಡಿದಳು. ಊರಿನವರ ಕಡೆ ತಿರುಗಿದಳು. ಊರಿನವರು ಆ ತನಕ ಒಂದೊಂದಾಗಿ ತಮ್ಮ ಕೋಳಿಗಳನ್ನು ಇದೇ ಮಾತಿಗೆ ಒಪ್ಪಿಸಿದ್ದವರು. ಈಗ ಅವಳೊಬ್ಬಳಿಗೆ ಬೇರೆ ನ್ಯಾಯ ಆಗಬೇಕೆಂದು ಯಾರಿಗೂ ಅನ್ನಿಸಲಿಲ್ಲ. “ಕೊಟ್ಬುಡಕ್ಕ, ರೂಲ್ಸು ಎಲ್ರಿಗೂ ಒಂದೇ” ಎಂದಳು ಬೆಟ್ಟಮ್ಮ. ಅವಳ ದನಿಯಲ್ಲಿ ಸೇಡೂ ಇರಲಿಲ್ಲ, ಕನಿಕರವೂ ಇರಲಿಲ್ಲ.

ಚಿಕ್ಕಬೋರಮ್ಮ ಸಾಹೇಬರ ಕಾಲಿಗೆ ಬಿದ್ದಳು. “ಬಾಣಂತಿ ಅವ್ಳೆ ಮಾಸ್ವಾಮಿ. ಬೀಗತಿ ಬತ್ತಾಳೆ ತೊಟ್ಲು ಸಾಸ್ತ್ರಕ್ಕೆ. ಆ ಉಡ್ಗಿ ಬಾಯ್ಗೆ ಒಂದ್ ಲೋಟ ಸಾರು ಕಾಣಿಸ್ಲಿಲ್ಲ ಅಂದ್ರೆ ನಾನು ಮಕ ಎತ್ಕೊಂಡು ತಿರುಗಂಗಿಲ್ಲ.”

ಸಾಹೇಬರ ಕಣ್ಣು ಒದ್ದೆಯಾಯಿತು. ಮೊದಲೇ ಹೇಳಿದೆನಲ್ಲ, ಅವರು ಒಳ್ಳೆಯವರು. ಅಲ್ಲೇ ನಿಂತ ನಿಲುವಿನಲ್ಲಿ ಹೊಸ ಆಜ್ಞೆ ಬರೆಸಿದರು: ಹೋಲಿಕೆಗೆ ಒಳಪಟ್ಟ ಕೋಳಿಯ ವಿಲೇವಾರಿಯಾದ ನಂತರ, ಅಧಿಕಾರಿಗಳು ಕುಡಿದು ಮಿಗುವ ಸಾರನ್ನು ಗ್ರಾಮದ ಬಾಣಂತಿಯರಿಗೆ ಸರ್ಕಾರದ ಪೋಷಣಾ ಕ್ರಮವಾಗಿ ವಿತರಿಸತಕ್ಕದ್ದು. ಇದಕ್ಕೆ ಮೊದಲಿಗಿಂತ ದೊಡ್ಡ ಚಪ್ಪಾಳೆ ಬಿತ್ತು.

ದೀಪ ಹಚ್ಚುವ ಹೊತ್ತಿಗೆ ಪುಟ್ಟರಾಜು ಪಟೇಲನ ಮನೆಯಿಂದ ಹಿತ್ತಾಳೆ ಚೊಂಬು ಹಿಡಿದು ಬಂದ. ಹಿಂದೆ ತಮಟೆ ಬಡಿಯುತ್ತಾ ಹುಚ್ಚೀರಯ್ಯ, ಅವನ ಹಿಂದೆ ಅರ್ಧ ಊರು. ಅಧಿಕಾರಿಗಳು ಬಹಳ ಮಂದಿ ಇದ್ದದ್ದರಿಂದ ಸಾರಿಗೆ ಎರಡು ಸಲ ನೀರು ಬೆರೆಸಬೇಕಾಗಿತ್ತು. ಚೊಂಬಿನ ತಳದಲ್ಲಿ ಕತ್ತಿನ ಒಂದು ಮೂಳೆ ಇತ್ತು. ಚಿಕ್ಕಬೋರಮ್ಮ ತಲುಪಿದ್ದಕ್ಕೆ ಹೆಬ್ಬೆಟ್ಟು ಒತ್ತಿ, ಸಾರನ್ನು ಲೋಟಕ್ಕೆ ಬಗ್ಗಿಸಿ ಮಗಳ ಕೈಗೆ ಕೊಟ್ಟಳು. ಬಾಗಿಲಲ್ಲಿ ಜನ ಇಣುಕುತ್ತಿದ್ದರು.

ಮಲ್ಲಿಗಮ್ಮ ಒಂದು ಗುಟುಕು ಕುಡಿದು, ಮೆತ್ತಗೆ, “ಉಪ್ಪು ಕಮ್ಮಿ ಕಣವ್ವ” ಎಂದಳು.

“ಸರ್ಕಾರದ್ದು ಕಣವ್ವ. ಸುಮ್ನೆ ಕುಡಿ.”

ತೊಟ್ಟಿಲು ಶಾಸ್ತ್ರಕ್ಕೆ ದೇವಿರಮ್ಮ ಸೋಮನಹಳ್ಳಿಯಿಂದ ನೆಂಟರಿಷ್ಟರನ್ನು ಗಾಡಿ ತುಂಬಿಕೊಂಡು ಬಂದಳು. ಪಟೇಲನ ಜಗಲಿ ದಾಟುವಷ್ಟರಲ್ಲೇ ಸಾರಿನ ಸಮಾಚಾರ ಅವಳ ಕಿವಿಗೆ ಬಿದ್ದಿತ್ತು. ತನ್ನ ಸೊಸೆಗೆ ಸರ್ಕಾರದವರು ತಮಟೆ ಬಾರಿಸಿಕೊಂಡು ಸಾರು ಕಳಿಸಿದರೆಂದು ಕೇಳಿ ಅವಳ ಎದೆ ಒಂದು ಗೇಣು ಉಬ್ಬಿತ್ತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಕೂಡಿದ ಹೆಂಗಸರಿಗೆಲ್ಲ ಕೇಳುವ ಹಾಗೆ ಬೀಗತಿಯನ್ನು ವಿಚಾರಿಸಿದಳು.

“ಅದ್ಸರಿ ಬೀಗತ್ತಿ, ನೀವೇನ್ ಕುಯ್ದ್ರಿ ಬಾಣಂತಿಗೆ?”

ಚಿಕ್ಕಬೋರಮ್ಮ ಸೂರಿಗೆ ಸಿಕ್ಕಿಸಿದ್ದ ಕಾಗದದ ಕಡೆ ನೋಡಿದಳು. ಕೆಂಪು ಯಾಟೆಯ ವಿಷಯ ಹೇಳೋಣವೆಂದರೆ, ಗುಣವಾದ ಕೋಳಿ ಮನೆಯಲ್ಲೇ ಇದೆ ಎಂದು ಕಾಗದ ಹೇಳುತ್ತಿತ್ತು.

“ಏನೂ ಕುಯ್ನಿಲ್ಲ ತಾನೆ?” ದೇವಿರಮ್ಮ ಸುತ್ತ ಕೂತವರನ್ನೆಲ್ಲ ನೋಡಿದಳು. “ನೋಡಿ, ಎತ್ತವ್ವ ಕೈ ಬುಟ್ರೂ ಪುಣ್ಯಕ್ಕೆ ಸರ್ಕಾರ ಅಂತ ಒಂದಿತ್ತು.”

ಸುತ್ತ ಕೂತವರು ಹೌದೆಂದು ತಲೆ ಆಡಿಸಿದರು. ಬೆಟ್ಟಮ್ಮನೂ ಆಡಿಸಿದಳು.

“ಊಂ ಕಣ್ ಬೀಗತ್ತಿ, ಪುಣ್ಯಕ್ಕೆ ಇತ್ತು” ಎಂದು ಚಿಕ್ಕಬೋರಮ್ಮ ಎಲೆಅಡಿಕೆ ತಟ್ಟೆಯನ್ನು ಮುಂದಕ್ಕೆ ಸರಿಸಿದಳು.